ರ‍್ಯಾಮ್ ರೇಟು ಕೋಲಾರದಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು. ನಡುವಿನ ದುಡ್ಡು ಎಲ್ಲಿ ಹೋಗುತ್ತದೆ?

ಬೇತಮಂಗಲ ಬೈಟ್:
ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಲಗ್ನದ ಸೀಸನ್ ಶುರುವಾಗುವ ಮೊದಲು ಸಿಸ್ಟಂಗೆ 32 ಜಿಬಿ ಡಿಡಿಆರ್5 ರ‍್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ, ಅದರಲ್ಲಿ ಹೊಸ ಪೀಳಿಗೆಯದು) ಹಾಕಿಸೋಣ ಅಂತ ಅಂಗಡಿಗೆ ಹೋದರೆ ರೇಟು ಕೇಳಿ ತಲೆ ತಿರುಗಿತು. ಮನೆಗೆ ಬಂದು ಅದೇ ಕಂಪನಿ, ಅದೇ ಮಾಡೆಲ್ ನಂಬರ್ ಹಾಕಿ ಅಮೆರಿಕದ ವೆಬ್‌ಸೈಟಿನಲ್ಲಿ ನೋಡಿದೆ. ಡಾಲರನ್ನು ರೂಪಾಯಿಗೆ ಗುಣಿಸಿದರೆ ಇಲ್ಲಿಗಿಂತ ಸುಮಾರು ಕಾಲು ಭಾಗ ಕಡಿಮೆ. ದುಬೈನಲ್ಲಿರುವ ಸ್ನೇಹಿತ ಬೇರೆಯೇ ರೇಟು ಹೇಳುತ್ತಾನೆ. ಜರ್ಮನಿಯಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳು ಮಾತ್ರ "ನಮ್ಮಲ್ಲೂ ನಿಮ್ಮಷ್ಟೇ ಕಣೋ" ಅಂದಳು. ವಸ್ತು ಒಂದೇ, ತಯಾರಿಸುವವರೂ ಅವರೇ. ಹಾಗಿದ್ದ ಮೇಲೆ ದೇಶಕ್ಕೊಂದು ಬೆಲೆ ಯಾಕೆ? ಮುಂದಿನ ತಿಂಗಳು ಭಾವ ಸ್ಯಾನ್ ಹೋಸೆಯಿಂದ ಬರುತ್ತಿದ್ದಾರೆ. ಅವರ ಕೈಲಿ ತರಿಸಲಾ ಅಥವಾ ಇಲ್ಲೇ ತಗೊಳ್ಳಲಾ?

ಗಡಿಯಾರ ಗೋಪುರ:
ಇದಕ್ಕೆ ಇಷ್ಟೊಂದು ಯೋಚನೆ ಯಾಕೆ ಗುರೂ? ಕಸ್ಟಮ್ಸ್ ಸುಂಕ ಅಷ್ಟೇ. ಹೊರಗಿಂದ ಬರುವ ಎಲ್ಲದರ ಮೇಲೂ ಸರ್ಕಾರ ಜಡಿಯುತ್ತದೆ.

ಲೆಕ್ಕದ ಮೇಷ್ಟ್ರು:
ರ‍್ಯಾಮ್ ವಿಷಯದಲ್ಲಿ ಅದು ನಿಜವಲ್ಲ. 1996ರಲ್ಲಿ ಸಿಂಗಾಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಆದಾಗ ಮಾಹಿತಿ ತಂತ್ರಜ್ಞಾನ ಒಪ್ಪಂದ ಅಂತ ಒಂದು ಆಯಿತು. ಮರುವರ್ಷ ಭಾರತವೂ ಸೇರಿತು. ಕಂಪ್ಯೂಟರ್, ಅದರ ಬಿಡಿಭಾಗ, ಚಿಪ್ ಇವುಗಳ ಮೇಲಿನ ಮೂಲ ಸುಂಕವನ್ನು ಸೊನ್ನೆಗೆ ಇಳಿಸುತ್ತೇವೆ ಅಂತ ಒಪ್ಪಿಕೊಂಡವರ ಪಟ್ಟಿ ಅದು. ಮೊಬೈಲ್ ಫೋನಿನ ಕಥೆ ಬೇರೆ, ಅದರ ಮೇಲೆ ಸುಂಕ ಇದೆ. ರ‍್ಯಾಮ್ ಮೇಲೆ ಇರುವುದು ಜಿಎಸ್‌ಟಿ, 18 ಪರ್ಸೆಂಟ್. ಬಂದರಿನಲ್ಲಿ ಆಮದು ಮಾಡುವವರು ಅದನ್ನು ಕಟ್ಟುತ್ತಾರೆ, ಆಮೇಲೆ ಕೈಯಿಂದ ಕೈಗೆ ಕ್ರೆಡಿಟ್ ಆಗುತ್ತಾ (ಪ್ರತಿಯೊಬ್ಬರೂ ತಾವು ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುತ್ತಾ) ಬಂದು ಕೊನೆಗೆ ನಮ್ಮ ನಿಮ್ಮ ಬಿಲ್ಲಿನಲ್ಲಿ ಒಂದೇ ಸಲ ಕೂರುತ್ತದೆ. ತೆರಿಗೆ ಮೇಲೆ ತೆರಿಗೆ ಬೀಳುವುದಿಲ್ಲ. ಅದು ಬೇಕಾದರೆ ಬ್ರೆಜಿಲ್ ಕಡೆ ನೋಡಬೇಕು. ಅಲ್ಲಿ ಆಮದು ಸುಂಕ, ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತಿರುತ್ತವೆ.

ಇನ್ನು ಬೈಟ್ ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಅಮೆರಿಕದ ವೆಬ್‌ಸೈಟಿನಲ್ಲಿ ಕಾಣುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಕಾಣುವ ಬೆಲೆಯಲ್ಲಿ ಸೇರಿರುತ್ತದೆ. ಲೆಕ್ಕಕ್ಕೆ 100 ಡಾಲರ್ ಅಂತ ಇಟ್ಟುಕೊಳ್ಳಿ, ಡಾಲರ್‌ಗೆ 90 ರೂಪಾಯಿ. 9,000 ಆಯಿತು. ಅದಕ್ಕೆ 18 ಪರ್ಸೆಂಟ್ ಸೇರಿಸಿದರೆ 10,620. ಅಂಗಡಿಯವರು ಒಂದು ಪೈಸೆ ಲಾಭ ಇಟ್ಟುಕೊಳ್ಳದಿದ್ದರೂ 1,620 ರೂಪಾಯಿ ವ್ಯತ್ಯಾಸ ಬಂದೇ ಬರುತ್ತದೆ. ಜರ್ಮನಿಯಲ್ಲಿ ವ್ಯಾಟ್ 19 ಪರ್ಸೆಂಟ್, ಅದನ್ನೂ ಸೇರಿಸಿಯೇ ತೋರಿಸುತ್ತಾರೆ. ನಿಮ್ಮ ತಂಗಿಗೆ ಎರಡೂ ಒಂದೇ ಅನ್ನಿಸಿದ್ದು ಅದಕ್ಕೇ. ಹಂಗೇರಿಯಲ್ಲಿ 27, ಜಪಾನಿನಲ್ಲಿ 10, ದುಬೈನಲ್ಲಿ 5. ಈ ಅಂಕಿಗಳನ್ನು ಕಳೆದು ಆಮೇಲೆ ಹೋಲಿಸಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸ್ಯಾನ್ ಹೋಸೆ ಕನ್ನಡಿಗ:
ಮೇಷ್ಟ್ರು ಹೇಳಿದ್ದು ಸರಿ. ನಾನು ಮುಳಬಾಗಿಲಿನವನು, ಇಲ್ಲಿ ಬಂದು ತುಂಬಾ ವರ್ಷ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಮೂಲ ತೆರಿಗೆಯೇ 7.25 ಪರ್ಸೆಂಟ್. ನಮ್ಮ ಊರಿನ ಸ್ಥಳೀಯ ತೆರಿಗೆ ಸೇರಿದರೆ 9 ದಾಟುತ್ತದೆ. ಕಾರ್ಟ್‌ಗೆ ಹಾಕಿ ವಿಳಾಸ ಕೊಟ್ಟ ಮೇಲೆ ಅದು ಕಾಣುತ್ತದೆ. ಪಕ್ಕದ ಓರೆಗಾನ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಂದರೆ ಅಮೆರಿಕದ ಒಳಗೇ ಒಂದೇ ರ‍್ಯಾಮ್‌ಗೆ ಎರಡು ಮೂರು ಬೆಲೆ. "ಅಮೆರಿಕದ ರೇಟು" ಅಂತ ಒಂದು ಇಲ್ಲ.

ಗಡಿಯಾರ ಗೋಪುರ:
ಸರಿ ಸರ್, ತೆರಿಗೆ ಕಳೆದೆವು ಅಂತಲೇ ಇಟ್ಟುಕೊಳ್ಳಿ. ಆಮೇಲೂ ಹತ್ತು ಪರ್ಸೆಂಟ್ ಆಸುಪಾಸು ಉಳಿಯುತ್ತದೆ ಅಲ್ವಾ? ಅದು ಯಾರ ಜೇಬಿಗೆ? ನಮ್ಮ ಅಂಗಡಿಯವರು ಸುಮ್ನೆ ಬಿಡುತ್ತಾರಾ?

ಎಂಜಿ ರಸ್ತೆ ಅಂಗಡಿ:
ಅಂಗಡಿಯವನೇ ಉತ್ತರ ಕೊಡುತ್ತೇನೆ ಬಿಡಿ. ತುಮಕೂರಿನಲ್ಲಿ ಕಂಪ್ಯೂಟರ್ ಮಾರಾಟ, ಸರ್ವಿಸ್ ಎರಡೂ ಮಾಡುತ್ತೇವೆ. ಮಾಲು ನಮಗೆ ಬರುವ ದಾರಿ ಹೇಗಿದೆ ಅಂದರೆ, ಬ್ರ್ಯಾಂಡಿನವರು ದೇಶಕ್ಕೆ ಒಬ್ಬ ಅಥವಾ ಇಬ್ಬರು ಡಿಸ್ಟ್ರಿಬ್ಯೂಟರ್ ಇಟ್ಟಿರುತ್ತಾರೆ. ಅಲ್ಲಿಂದ ಬೆಂಗಳೂರಿಗೆ. ಬೆಂಗಳೂರು ಅಂದರೆ ಎಸ್‌ಪಿ ರೋಡು, ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಅಲ್ಲಿಂದ ನಮಗೆ. ಮಧ್ಯೆ ಇರುವ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳುತ್ತಾರೆ, ಯಾರೂ ಧರ್ಮಕ್ಕೆ ಮಾಡುವುದಿಲ್ಲ. ಆದರೆ ನನ್ನ ಪಾಲು ಒಂದಂಕಿ ಪರ್ಸೆಂಟ್. ರ‍್ಯಾಮ್ ಮಾರಿ ಮನೆ ಕಟ್ಟಿದವರನ್ನು ನಾನಂತೂ ನೋಡಿಲ್ಲ. ಸರ್ವಿಸ್‌ನಲ್ಲೇ ನಮ್ಮ ಊಟ.

ಅಮೆರಿಕದಲ್ಲಿ ದೊಡ್ಡ ಅಂಗಡಿ ನೇರವಾಗಿ ಕಂಪನಿಯಿಂದ ಲಾರಿಗಟ್ಟಲೆ ತರುತ್ತದೆ. ಪ್ರೊಸೆಸರ್, ಮದರ್‌ಬೋರ್ಡ್ ಜೊತೆ ರ‍್ಯಾಮ್ ಕಟ್ಟಿ ಕಾಂಬೋ ಮಾಡಿ, ರ‍್ಯಾಮ್‌ನಲ್ಲಿ ನಷ್ಟ ಆದರೂ ಗಿರಾಕಿ ಒಳಗೆ ಬರಲಿ ಅಂತ ಬಿಡುತ್ತದೆ. ನಮ್ಮಲ್ಲಿ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರೇ ಕಡಿಮೆ, ಎಲ್ಲರಿಗೂ ಲ್ಯಾಪ್‌ಟಾಪ್ ಬೇಕು. ಡಿಡಿಆರ್5 ಕಿಟ್ ಒಂದು ಬಣ್ಣದ್ದು, ಒಂದು ವೇಗದ್ದು ನನ್ನ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂತಿದ್ದೂ ಇದೆ. ನಿಧಾನವಾಗಿ ಓಡುವ ಮಾಲಿಗೆ ಬೆಲೆ ಜಾಸ್ತಿ ಇಡಲೇಬೇಕು, ಯಾಕೆಂದರೆ ನಾಳೆ ರೇಟು ಬಿದ್ದರೆ ನಷ್ಟ ನನ್ನದು.

ಇನ್ನು ಡಾಲರ್. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿದ್ದು ಎಲ್ಲರಿಗೂ ಗೊತ್ತು. ಆದರೆ ಡಿಸ್ಟ್ರಿಬ್ಯೂಟರ್ ಇವತ್ತಿನ ಡಾಲರ್ ರೇಟಿಗೆ ಬಿಲ್ ಮಾಡುವುದಿಲ್ಲ. ತಾನು ದುಡ್ಡು ಕಟ್ಟುವ ದಿನಕ್ಕೆ ರೂಪಾಯಿ ಇನ್ನೂ ಇಳಿದಿದ್ದರೆ ಅಂತ ಒಂದೆರಡು ರೂಪಾಯಿ ಮೇಲಿಟ್ಟೇ ಹಾಕುತ್ತಾನೆ. ಆ ಒಂದೆರಡು ರೂಪಾಯಿಯೂ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ.

ಬೇತಮಂಗಲ ಬೈಟ್:
ಅಣ್ಣ, ಅದು ಸರಿ. ಆದರೆ ಬಾಕ್ಸ್ ಮೇಲಿನ ಎಂಆರ್‌ಪಿ ನೋಡಿದರೆ ನೀವು ಹೇಳುವ ರೇಟಿನ ಡಬಲ್ ಇರುತ್ತದೆ. ಅದು ಏನು ಲೆಕ್ಕ?

ಎಂಜಿ ರಸ್ತೆ ಅಂಗಡಿ:
ಅದಕ್ಕೆ ಲೆಕ್ಕವೇ ಇಲ್ಲ ತಮ್ಮಾ. ಕಾನೂನಿಗೆ ಸ್ಟಿಕ್ಕರ್ ಬೇಕು, ಅಂಟಿಸುತ್ತಾರೆ. ಇದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಅಷ್ಟೇ ಅದರ ಅರ್ಥ, ಇಷ್ಟಕ್ಕೇ ಮಾರಬೇಕು ಅಂತಲ್ಲ. ಬೆಲೆಗೆ ಆ ಸ್ಟಿಕ್ಕರ್ ನೋಡಬೇಡ, ಇನ್ನೊಂದಕ್ಕೆ ನೋಡು: ಅದರಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು ಇರಬೇಕು. ಸ್ಟಿಕ್ಕರೇ ಇಲ್ಲ ಅಂದರೆ ಮಾಲು ಯಾರದೋ ಸೂಟ್‌ಕೇಸಿನಲ್ಲಿ ಬಂದಿದೆ ಅಂತ ತಿಳಿದುಕೋ.

ಮಂಡಿ ರೈಟರ್:
ನಾನು ಕೋಲಾರ ಎಪಿಎಂಸಿಯಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಅಷ್ಟು ಗೊತ್ತಿಲ್ಲ, ಆದರೆ ನೀವು ಹೇಳುತ್ತಿರುವುದು ನನಗೆ ದಿನಾ ಕಾಣುವ ವಿಷಯ. ನಮ್ಮ ಯಾರ್ಡಿನಲ್ಲಿ ಟೊಮ್ಯಾಟೊ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿದೆಯಾ? ಅವತ್ತು ಹರಾಜಿಗೆ ನಿಂತವನು ಅಷ್ಟು ಕೊಟ್ಟ. ಮೊದಲೇ ರೇಟು ಮಾತಾಡಿಕೊಂಡಿದ್ದ ಗಿರಾಕಿ ಹಳೆ ರೇಟಿಗೇ ತಗೊಂಡು ಹೋದ. ಒಂದೇ ಯಾರ್ಡು, ಒಂದೇ ಬೆಳಗ್ಗೆ, ಎರಡು ಬೆಲೆ. ನಿಮ್ಮ ಚಿಪ್ ವ್ಯಾಪಾರದಲ್ಲೂ ಹೀಗೇ ಇರಬೇಕು ಅಲ್ವಾ?

ಅಂತರಗಂಗೆ:
ಮಂಡಿಯವರೇ, ಸರಿಯಾಗಿ ಹಿಡಿದಿರಿ. ನಾನು ಬೆಂಗಳೂರಿನಲ್ಲಿ ಚಿಪ್ ಕಡೆ ಕೆಲಸ ಮಾಡುತ್ತೇನೆ, ಊರು ಕೋಲಾರ. ಡಿರ‍್ಯಾಮ್‌ಗೂ (ರ‍್ಯಾಮ್ ಸ್ಟಿಕ್ಕಿನ ಮೇಲಿರುವ ಮೆಮೊರಿ ಚಿಪ್) ಎರಡು ಬೆಲೆ ಇದೆ. ಲ್ಯಾಪ್‌ಟಾಪ್, ಸರ್ವರ್, ಫೋನ್ ಮಾಡುವ ದೊಡ್ಡವರು ಸಾಮಾನ್ಯವಾಗಿ ಮೂರು ತಿಂಗಳಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ, ಅದು ಕಾಂಟ್ರ್ಯಾಕ್ಟ್ ಬೆಲೆ. ಉಳಿದದ್ದು ದಿನದಿನಕ್ಕೂ ಏರಿಳಿಯುವ ಸ್ಪಾಟ್ ಬೆಲೆಗೆ ಹೋಗುತ್ತದೆ. ಎರಡೂ ಡಾಲರ್‌ನಲ್ಲಿ, ಇಡೀ ಜಗತ್ತಿಗೆ ಒಂದೇ. ಅಲ್ಲಿ ಭಾರತದ ಬೆಲೆ, ಜಪಾನ್ ಬೆಲೆ ಅಂತ ಇಲ್ಲ. ಸಾಗಣೆ ಖರ್ಚು ಅಂತಲೂ ಹೇಳುವ ಹಾಗಿಲ್ಲ. ಒಂದು ಸ್ಟಿಕ್ಕಿನ ತೂಕ ಎಷ್ಟು? ವಿಮಾನದಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಲಕ್ಷಾಂತರ ರೂಪಾಯಿ ಮಾಲು ಬರುತ್ತದೆ. ಟೊಮ್ಯಾಟೊಗಿಂತ ಇದು ಬೇರೆ ಆಗುವುದು ಅಲ್ಲೇ: ಲಾರಿ ಬಾಡಿಗೆ ಲೆಕ್ಕಕ್ಕಿಲ್ಲ, ಕೊಳೆಯುವುದಿಲ್ಲ. ಹಾಗಾಗಿ ಎಲ್ಲಾ ಕಡೆ ಒಂದೇ ಬೆಲೆ ಇರಬೇಕಿತ್ತು. ಇರದೇ ಹೋಗುವುದು ಕಾರ್ಖಾನೆಯ ಗೇಟು ದಾಟಿದ ಮೇಲೆ ಆಗುವ ಕೆಲಸಗಳಿಂದ. ತೆರಿಗೆ, ರೂಪಾಯಿ, ಸ್ಟಾಕು, ವಾರಂಟಿ.

ಈಗ ಬೆಲೆ ಹುಚ್ಚು ಹಿಡಿದಿರುವುದಕ್ಕೆ ಕಾರಣ ಬೇರೆ, ಅದು ಎಲ್ಲಾ ದೇಶಕ್ಕೂ ಒಂದೇ. ಜಗತ್ತಿನ ಡಿರ‍್ಯಾಮ್‌ನಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ. ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಮೊದಲು ಇನ್ನೂ ಇದ್ದವು. ಜರ್ಮನಿಯ ಕಿಮೊಂಡಾ 2009ರಲ್ಲಿ ಮುಳುಗಿತು. ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿಯಾಗಿ ಮರುವರ್ಷ ಮೈಕ್ರಾನ್ ಪಾಲಾಯಿತು. ಈಗ ಈ ಮೂವರೂ ಎಐ ಸರ್ವರ್‌ಗೆ ಬೇಕಾದ ಎಚ್‌ಬಿಎಂ ಅನ್ನುವ ಅತಿವೇಗದ ಮೆಮೊರಿ ಕಡೆ ತಿರುಗಿದ್ದಾರೆ. ಅಷ್ಟೇ ಜಿಬಿಗೆ ಎಚ್‌ಬಿಎಂ ಮಾಡಬೇಕಾದರೆ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ಬೇಕು. ಹಾಗಾಗಿ ನಮ್ಮ ನಿಮ್ಮ ಮದರ್‌ಬೋರ್ಡಿಗೆ ಹಾಕುವ ಮಾಲು ಕಡಿಮೆಯಾಯಿತು. 2025ರ ಕೊನೆಯ ಕೆಲವೇ ತಿಂಗಳಲ್ಲಿ ಬೆಲೆ ಎರಡು ಮೂರು ಪಟ್ಟು ಆಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂದುಬಿಟ್ಟಿತು.

ಕ್ಯಾತ್ಸಂದ್ರ ಹುಡುಗ:
ಅಂತರಗಂಗೆ ಅಣ್ಣ, ಎಲ್ಲಾ ದೇಶಕ್ಕೂ ಒಟ್ಟಿಗೆ ಏರಿದರೆ ದೇಶ ದೇಶದ ನಡುವಿನ ಗ್ಯಾಪು ಹಾಗೇ ಇರಬೇಕಲ್ಲ? ನಾನು ನೋಡಿದ ಹಾಗೆ ಈಗ ಗ್ಯಾಪೂ ಹೆಚ್ಚಾಗಿದೆ.

ಅಂತರಗಂಗೆ:
ಒಳ್ಳೆ ಪ್ರಶ್ನೆ. ಎಲ್ಲಾ ಕಡೆ ಏರುತ್ತದೆ, ಆದರೆ ಒಂದೇ ದಿನ ಏರುವುದಿಲ್ಲ. ಒಂದು ದೇಶದಲ್ಲಿ ಹಳೆ ರೇಟಿನ ಸ್ಟಾಕ್ ಎರಡು ತಿಂಗಳಿಗೆ ಇರುತ್ತದೆ, ಇನ್ನೊಂದರಲ್ಲಿ ವಾರದಲ್ಲಿ ಖಾಲಿ. ನೀನು ಇವತ್ತು ಎರಡು ವೆಬ್‌ಸೈಟ್ ತೆರೆದು ಹೋಲಿಸುತ್ತಿರುವುದು ಅಕ್ಟೋಬರ್‌ನಲ್ಲಿ ತಂದ ಮಾಲನ್ನೂ ಜನವರಿಯಲ್ಲಿ ತಂದ ಮಾಲನ್ನೂ ಇರಬಹುದು. ಬೆಲೆ ನಿಧಾನವಾಗಿ ಓಡುವಾಗ ಇದು ಗೊತ್ತಾಗುವುದಿಲ್ಲ. ಜೋರಾಗಿ ಓಡುವಾಗ ಎದ್ದು ಕಾಣುತ್ತದೆ. ಅದರ ಮೇಲೆ ಕೊರತೆ ಬಂದಾಗ ಕಾಂಟ್ರ್ಯಾಕ್ಟ್ ಇರುವ ದೊಡ್ಡ ಗಿರಾಕಿಗೆ ಮೊದಲು ಕೊಡುತ್ತಾರೆ. ಬಿಡಿ ಮಾರಾಟದ ಸಣ್ಣ ಮಾರುಕಟ್ಟೆಗೆ ಉಳಿದದ್ದು. 2025ರ ನವೆಂಬರ್‌ನಲ್ಲಿ ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಾಬಾರಾದಲ್ಲೇ ಕೆಲವು ಅಂಗಡಿಗಳು ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದ್ದವು. ಅಮೆರಿಕದ ಕೆಲವು ಅಂಗಡಿಗಳಲ್ಲಿ ರೇಟಿನ ಚೀಟಿಯನ್ನೇ ತೆಗೆದು ಕೌಂಟರಿನಲ್ಲಿ ಕೇಳಿ ಅಂತ ಬೋರ್ಡು ಹಾಕಿದ್ದರು.

ಇದು ಹೊಸದೂ ಅಲ್ಲ. 1993ರಲ್ಲಿ ಜಪಾನಿನ ಸುಮಿಟೊಮೊ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟ ಆಯಿತು. ಅಲ್ಲಿ ಚಿಪ್ ಮಾಡುತ್ತಿರಲಿಲ್ಲ, ಚಿಪ್ಪಿನ ಮೇಲೆ ಹಾಕುವ ಕಪ್ಪು ಹೊದಿಕೆಗೆ ಬೇಕಾದ ರಾಳ ಮಾಡುತ್ತಿದ್ದರು. ಅಷ್ಟಕ್ಕೇ ಜಗತ್ತಿನ ತುಂಬಾ ಮೆಮೊರಿ ಬೆಲೆ ನೆಗೆಯಿತು. 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವುಶಿಯಲ್ಲಿ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಅದೇ ಕಥೆ.

ಗಡಿಯಾರ ಗೋಪುರ:
ಮೂರೇ ಜನ ಇದ್ದಾರೆ ಅಂದರೆ ಒಳಗೊಳಗೇ ಮಾತಾಡಿಕೊಂಡಿರುತ್ತಾರೆ ಬಿಡಿ. ನಾವಿಲ್ಲಿ ಜಿಎಸ್‌ಟಿ ಲೆಕ್ಕ ಹಾಕುತ್ತಾ ಕೂತಿದ್ದೇವೆ.

ಲೆಕ್ಕದ ಮೇಷ್ಟ್ರು:
ಹಿಂದೆ ಮಾತಾಡಿಕೊಂಡಿದ್ದು ದಾಖಲೆಯಲ್ಲೇ ಇದೆ. ಅಮೆರಿಕದ ನ್ಯಾಯ ಇಲಾಖೆಯ ಕೇಸಿನಲ್ಲಿ 2005ರಲ್ಲಿ ಸ್ಯಾಮ್‌ಸಂಗ್ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ದಂಡ ಕಟ್ಟಿತು, ಹೈನಿಕ್ಸ್ 18.5 ಕೋಟಿ. 2010ರಲ್ಲಿ ಯುರೋಪಿಯನ್ ಕಮಿಷನ್ ಹಲವು ಕಂಪನಿಗಳಿಗೆ ಸೇರಿಸಿ 33 ಕೋಟಿ ಯೂರೋಗೂ ಹೆಚ್ಚು ದಂಡ ಹಾಕಿತು. ಆದರೆ ಆ ಥರದ ಮಾತುಕತೆಯಿಂದ ಬೆಲೆ ಎಲ್ಲಾ ಕಡೆ ಏರುತ್ತದೆ. ಕೋಲಾರದಲ್ಲಿ ಜಾಸ್ತಿ, ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಯಾಕೆ ಅನ್ನುವುದಕ್ಕೆ ಅದು ಉತ್ತರ ಆಗುವುದಿಲ್ಲ.

ಕ್ಯಾತ್ಸಂದ್ರ ಹುಡುಗ:
ಹಾಗಾದರೆ ಇಲ್ಲೇ ತಯಾರಿಸಿದರೆ? ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಕಾರ್ಖಾನೆ ಅಂತ 2023ರಲ್ಲೇ ಘೋಷಣೆ ಆಯಿತಲ್ಲ. ಅಲ್ಲಿಂದ ಬಂದರೆ ಅಗ್ಗ ಆಗಲೇಬೇಕು.

ಅಂತರಗಂಗೆ:
ಆಗುವುದಿಲ್ಲ ತಮ್ಮಾ. ಸಾಣಂದ್‌ನದು ಜೋಡಣೆ ಮತ್ತು ಪರೀಕ್ಷೆಯ ಘಟಕ. ವೇಫರ್ ಬೇರೆ ದೇಶದಿಂದ ಬರುತ್ತದೆ, ಅದನ್ನು ಕತ್ತರಿಸಿ ಪ್ಯಾಕ್ ಮಾಡುತ್ತಾರೆ. ಕೆಲಸ ಸಿಗುತ್ತದೆ, ಕಲಿಯುವುದಕ್ಕೂ ಸಿಗುತ್ತದೆ, ಒಳ್ಳೆಯದೇ. ಬೆಲೆ ಮಾತ್ರ ಜಗತ್ತಿನ ಡಾಲರ್ ಬೆಲೆಯೇ. ಸುಂಕ ಮೊದಲೇ ಸೊನ್ನೆ ಇರುವಾಗ ಇಲ್ಲಿ ಮಾಡಿದರೂ ಉಳಿಸುವುದಕ್ಕೆ ಸುಂಕವೇ ಇಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ಮೊದಲು ವಿಸ್ಟ್ರಾನ್ ಇತ್ತು, 2023ರಿಂದ ಟಾಟಾ. ನಮ್ಮ ಊರಿನ ಎಷ್ಟೋ ಹುಡುಗಿಯರು ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಈಗ ಐಫೋನ್ 17 ನೋಡಿ, 2025ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅಮೆರಿಕದಲ್ಲಿ 799 ಡಾಲರ್. ಆಗ ಡಾಲರ್ ಸುಮಾರು 88 ರೂಪಾಯಿ. ಗುಣಿಸಿದರೆ 70,312. ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 82,968. ಭಾರತದಲ್ಲಿ ಇಟ್ಟ ಬೆಲೆ 82,900! ಅಂದರೆ ಆ ಫೋನಿನಲ್ಲಿ ಎರಡು ದೇಶದ ನಡುವೆ ಇದ್ದ ವ್ಯತ್ಯಾಸ ಬರೀ ಜಿಎಸ್‌ಟಿ.

ಸ್ಯಾನ್ ಹೋಸೆ ಕನ್ನಡಿಗ:
ಒಂದು ನಿಮಿಷ. ಅದೇ ಲೆಕ್ಕ 17 ಪ್ರೋಗೆ ಹಾಕಿ ನೋಡಿ. ಅಮೆರಿಕದಲ್ಲಿ 1,099 ಡಾಲರ್. 88ರಿಂದ ಗುಣಿಸಿ ಜಿಎಸ್‌ಟಿ ಸೇರಿಸಿದರೆ 1,14,000 ಆಸುಪಾಸು ಬರಬೇಕು. ಭಾರತದಲ್ಲಿ 1,34,900 ಇಟ್ಟರು. ತೆರಿಗೆ ಅದೇ, ರೂಪಾಯಿ ಅದೇ, ಕಂಪನಿ ಅದೇ. ಮಿಕ್ಕ 20 ಸಾವಿರದಲ್ಲಿ ಅದರ ಮೇಲಿನ ಜಿಎಸ್‌ಟಿ ಬಿಟ್ಟರೆ ಬಹುಪಾಲು ಯಾವ ಸರ್ಕಾರಕ್ಕೂ ಹೋಗುವುದಿಲ್ಲ. ಪ್ರೋ ಬೇಕು ಅನ್ನುವವನು ಹೇಗಾದರೂ ಕೊಡುತ್ತಾನೆ ಅಂತ ಕಂಪನಿಗೆ ಗೊತ್ತು. ಗೋಪುರ ಅವರ ಅನುಮಾನಕ್ಕೆ ನಾನು ಅಷ್ಟರ ಮಟ್ಟಿಗೆ ಓಟು ಹಾಕುತ್ತೇನೆ. ರ‍್ಯಾಮ್‌ನಲ್ಲೂ ಇದೇ ಇದೆ: ಸಾದಾ ಹಸಿರು ಸ್ಟಿಕ್ಕಿನಲ್ಲಿ ಗ್ಯಾಪ್ ಕಡಿಮೆ, ಬಣ್ಣದ ಲೈಟು, ಹೀಟ್ ಸಿಂಕ್ ಇರುವ ಗೇಮಿಂಗ್ ಕಿಟ್‌ನಲ್ಲಿ ಜಾಸ್ತಿ. ಲೈಟಿಗೆ ಸೋಲುವವನು ರೇಟಿಗೂ ಸೋಲುತ್ತಾನೆ.

ಗಡಿಯಾರ ಗೋಪುರ:
ಅಂತೂ ಒಬ್ಬರಾದರೂ ಒಪ್ಪಿದಿರಿ.

ಚಿಂತಾಮಣಿ ಚಿಪ್ಪು:
ವಾರಂಟಿ ಬಗ್ಗೆ ಯಾರೂ ಬಿಡಿಸಿ ಬರೆಯಲಿಲ್ಲ. ಯುರೋಪಿನಲ್ಲಿ ಮಾರಿದವರು ಎರಡು ವರ್ಷ ಜವಾಬ್ದಾರಿ ಹೊರಲೇಬೇಕು, ಆನ್‌ಲೈನ್ ತಗೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಇದರ ಖರ್ಚೂ ಬೆಲೆಯೊಳಗೇ ಇರುತ್ತದೆ. ನಮ್ಮಲ್ಲಿ ಏನಾಗುತ್ತದೆ ಹೇಳುತ್ತೇನೆ. ಹೋದ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ ರ‍್ಯಾಮ್‌ಗೆ ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂದರು. ನಮ್ಮ ಯಜಮಾನರು ಖುಷಿಯಾಗಿ ತಂದರು. ಆರು ತಿಂಗಳಿಗೆ ಸಿಸ್ಟಂ ಕೆಟ್ಟು ನೀಲಿ ಪರದೆ ಬರುವುದು ಶುರು. ಅಂಗಡಿಗೆ ಹೋದರೆ ಇದು ನಮ್ಮದೇ ಅಂತ ಏನು ಸಾಕ್ಷಿ ಅಂದರು. ಡಿಸ್ಟ್ರಿಬ್ಯೂಟರ್ ಸರ್ವಿಸ್ ಸೆಂಟರಿನಲ್ಲಿ ಸೀರಿಯಲ್ ನಂಬರ್ ಹಾಕಿ ಇದು ಭಾರತಕ್ಕೆ ಬಂದ ಮಾಲೇ ಅಲ್ಲ ಅಂದರು. ಬ್ರ್ಯಾಂಡಿನ ಬಾಕ್ಸ್ ಮೇಲೆ ಮಾತ್ರ ಜೀವಮಾನದ ವಾರಂಟಿ ಅಂತ ದೊಡ್ಡದಾಗಿ ಇತ್ತು. ಯಾರ ಜೀವಮಾನವೋ ದೇವರಿಗೇ ಗೊತ್ತು.

ಲೆಕ್ಕದ ಮೇಷ್ಟ್ರು:
ಅಕ್ಕ ಹೇಳಿದ್ದನ್ನು ಬೈಟ್ ಗಮನಿಸಬೇಕು, ಯಾಕೆಂದರೆ ಭಾವನ ಕೈಲಿ ತರಿಸಿದರೂ ಇದೇ ಆಗಬಹುದು. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರುವುದಕ್ಕೆ ಒಂದು ಮಿತಿ ಇದೆ, ಒಂದು ಕಿಟ್ ಮಾತ್ರ ಆದರೆ ಅದರೊಳಗೆ ಬರುತ್ತದೆ. ಭಾವ ಇನ್ನೇನೇನು ತರುತ್ತಾರೋ ನೋಡಿಕೊಳ್ಳಿ, ಎಲ್ಲಾ ಸೇರಿಸಿ ಲೆಕ್ಕ ಹಾಕುತ್ತಾರೆ. ಅಲ್ಲಿಯ ಸೇಲ್ಸ್ ಟ್ಯಾಕ್ಸ್ ಸೇರಿಸಿ. ನಿಮ್ಮ ಕಾರ್ಡಿನಲ್ಲಿ ಕಟ್ಟಿದರೆ ಬ್ಯಾಂಕು ವಿದೇಶಿ ವಿನಿಮಯಕ್ಕೆ ಅಂತ ಮೂರು ಪರ್ಸೆಂಟ್ ಆಸುಪಾಸು ಹಿಡಿಯುತ್ತದೆ, ಅದನ್ನೂ ಸೇರಿಸಿ. ಆಮೇಲೆ ಉಳಿಯುವ ದುಡ್ಡಿಗೆ, ಕೆಟ್ಟರೆ ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಕಳಿಸಬೇಕು ಅನ್ನುವ ತಲೆನೋವು ತಗೊಳ್ಳುತ್ತೀರಾ?

ಇನ್ನೊಂದು ಮಾತು. ನಿಮ್ಮ ಸ್ಟುಡಿಯೋಗೆ ಜಿಎಸ್‌ಟಿ ನೋಂದಣಿ ಇದೆಯಾ? ಇದ್ದರೆ, ಅದರಲ್ಲೂ ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳಿಗೆ ಕಡಿಮೆ ದರದ ತೆರಿಗೆ, ಆದರೆ ಕ್ರೆಡಿಟ್ ಸಿಗುವುದಿಲ್ಲ) ಇಲ್ಲದಿದ್ದರೆ, ಆ ನಂಬರಿಗೆ ಬಿಲ್ ಹಾಕಿಸಿ. 18 ಪರ್ಸೆಂಟ್ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಆಗ 10,620ರ ಮಾಲು ನಿಮಗೆ 9,000ಕ್ಕೇ ಬಿದ್ದಂತೆ. ಆ ಲೆಕ್ಕದಲ್ಲಿ ಸೇಲ್ಸ್ ಟ್ಯಾಕ್ಸ್ ಕಟ್ಟುವ ಸ್ಯಾನ್ ಹೋಸೆಯವರಿಗಿಂತ ನಿಮಗೇ ಅಗ್ಗ.

ಬೇತಮಂಗಲ ಬೈಟ್:
ಮೇಷ್ಟ್ರೇ, ಸ್ಟುಡಿಯೋ ನಮ್ಮ ಮಾವನದು, ನೋಂದಣಿ ಇದೆ. ಸಿಸ್ಟಂ ಇರುವುದೂ ಅಲ್ಲೇ. ಇದು ತಲೆಗೇ ಹೊಳೆದಿರಲಿಲ್ಲ. ಭಾವನಿಗೆ ಬಾದಾಮಿ, ಚಾಕೊಲೇಟ್ ಅಷ್ಟೇ ತರಲು ಹೇಳುತ್ತೇನೆ. ಎಂಜಿ ರಸ್ತೆ ಅಣ್ಣ, ಈಗಲೇ ತಗೊಳ್ಳಲಾ, ಇಳಿಯುವವರೆಗೂ ಕಾಯಲಾ?

ಎಂಜಿ ರಸ್ತೆ ಅಂಗಡಿ:
ಇಳಿಯುವ ದಿನ ಗೊತ್ತಿದ್ದರೆ ನಾನು ಅಂಗಡಿ ಯಾಕೆ ಇಟ್ಟುಕೊಂಡಿರುತ್ತಿದ್ದೆ? ಲಗ್ನದ ಕೆಲಸ ಕೈಲಿದ್ದರೆ ತಗೊಂಡುಬಿಡು. ಕೋಲಾರದಲ್ಲೇ ಎರಡು ಮೂರು ಅಂಗಡಿ ಕೇಳು. ಸಣ್ಣ ಊರಿನಲ್ಲಿ ಕೆಲವೊಮ್ಮೆ ಹಳೆ ರೇಟಿಗೆ ತಂದ ಮಾಲು ಕೂತಿರುತ್ತದೆ, ಬೆಂಗಳೂರಿಗಿಂತ ಕಡಿಮೆಗೆ ಸಿಕ್ಕರೂ ಸಿಕ್ಕಬಹುದು. ಎಲ್ಲರೂ ಕೊಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಳೆ ರೇಟಿಗೆ ಮಾರಿದರೆ ಆ ದುಡ್ಡಿನಲ್ಲಿ ಹೊಸ ಸ್ಟಿಕ್ ತರುವುದಕ್ಕೆ ಆಗುವುದಿಲ್ಲ, ಅದಕ್ಕೆ ನಾನೂ ಹೊಸ ರೇಟೇ ಹೇಳುತ್ತೇನೆ. ಬೈಯಬೇಡಿ.

ಮಂಡಿ ರೈಟರ್:
ಬೈಯುವುದು ಯಾಕೆ, ನಮ್ಮಲ್ಲೂ ಕೋಲ್ಡ್ ಸ್ಟೋರೇಜ್ ಇಟ್ಟವನು ಅದನ್ನೇ ಮಾಡುತ್ತಾನೆ.

ಚಿಂತಾಮಣಿ ಚಿಪ್ಪು:
ನನ್ನದೂ ಒಂದು ಪ್ರಶ್ನೆ. ಮಗನ ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ಇದೆ. 16 ಮಾಡಿಸಬೇಕು. ಈಗಿನ ರೇಟಿಗೆ ಹೊಸ ಲ್ಯಾಪ್‌ಟಾಪ್ ತಗೊಳ್ಳುವುದೇ ವಾಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ನಿಜವಾ?

ಎಂಜಿ ರಸ್ತೆ ಅಂಗಡಿ:
ಅಕ್ಕ, ಅಷ್ಟು ದೂರ ಹೋಗಬೇಡಿ. ಲ್ಯಾಪ್‌ಟಾಪ್ ಕಂಪನಿಯವರು ಹಳೆ ಕಾಂಟ್ರ್ಯಾಕ್ಟ್ ರ‍್ಯಾಮ್ ಹಾಕಿ ಮಾಡಿದ ಸ್ಟಾಕ್ ಇರುವವರೆಗೂ ಹೊಸದು ಅಗ್ಗ ಅನ್ನಿಸುತ್ತದೆ, ಆ ಮಟ್ಟಿಗೆ ಅವರು ಹೇಳಿದ್ದರಲ್ಲಿ ಅರ್ಥ ಇದೆ. ಆದರೆ ಮಗನ ಓದಿಗೆ 16 ಸಾಕು ಅಂದರೆ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿದರೆ ಮುಗಿಯಿತು. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ಕೆಳಗೆ ಬರುತ್ತದೆ. ಎರಡರಲ್ಲಿ ಒಂದು ಅಂತ ಇದ್ದರೆ ಅದೃಷ್ಟ. ಅಲ್ಲೇ ವೇಗವೂ ಇರುತ್ತದೆ, 2666 ಅಥವಾ 3200 ಅಂತ ಇದ್ದರೆ ಸಾಮಾನ್ಯವಾಗಿ ಡಿಡಿಆರ್4. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಹಾಗೇ ಅಕ್ಕ, ಈ ಸಲ ಬಿಲ್ ತಗೊಳ್ಳಿ.